ಇಲ್ಲಪ್ಪನವರ ಕೆಂಪು ಕಾರು

ವಿಮಾ ಕಚೇರಿಯಲ್ಲಿ ಅವರಿಗೆ ‘ಇಲ್ಲಪ್ಪ’ ಎಂದು ಹೆಸರು ಬಿದ್ದು ಹನ್ನೆರಡು ವರ್ಷವಾಗಿತ್ತು. ಅಪಘಾತವಾದ ಗಾಡಿಗೆ ಪರಿಹಾರ ಕೇಳಿ ಯಾರೇ ಅರ್ಜಿ ಹಾಕಲಿ, ‘ಚಾಲಕನ ಅಜಾಗರೂಕತೆ ಎದ್ದು ಕಾಣುವುದರಿಂದ ತಿರಸ್ಕರಿಸಲಾಗಿದೆ’ ಎಂದು ಬರೆದು ಸಹಿ ಹಾಕುತ್ತಿದ್ದರು. ಅರ್ಜಿ ಓದುವುದೂ ಕೆಲಸದ ಭಾಗವೆಂದು ಅವರಿಗೆ ಯಾರೂ ಹೇಳಿದಂತಿರಲಿಲ್ಲ. ಸ್ವತಃ ಅವರು ಓಡಿಸುತ್ತಿದ್ದದ್ದು ಕಚೇರಿಯ ಕುರ್ಚಿಯೊಂದನ್ನೇ. ಅದರದ್ದೂ ಒಂದು ಚಕ್ರ ಕಳಚಿತ್ತು.

ಒಂದು ಮಧ್ಯಾಹ್ನ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಏನೋ ಹುಡುಕುತ್ತಿದ್ದಾಗ ಕಾರ್ ರ‍್ಯಾಲಿಯ ಆಟವೊಂದು ಕಣ್ಣಿಗೆ ಬಿತ್ತು. ಬಾಣದ ಗುರುತಿನ ಕೀಲಿ ಒತ್ತಿದರೆ ಸಾಕು, ಕೆಂಪು ಕಾರು ಕೆಸರು, ಕಲ್ಲು, ಹಳ್ಳ ಎನ್ನದೆ ನುಗ್ಗುತ್ತದೆ. ಆ ಕಾರಿನ ಪಕ್ಕದ ಸೀಟಿನಿಂದ ಹೆಣ್ಣುದನಿಯೊಂದು, ‘ಮುಂದೆ ಎಡ ತಿರುವು, ನಿಧಾನ’ ಎಂದು ದಾರಿ ಹೇಳುತ್ತದೆ. ಇಲ್ಲಪ್ಪನವರು ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ಮೂರನೇ ತಿರುವಿನಲ್ಲಿ ಕಾರು ಕಮರಿಗೆ ಬಿತ್ತು. ಮರುದಿನವೂ ಬಿತ್ತು. ಒಂದು ತಿಂಗಳು ದಿನಾ ಊಟದ ಹೊತ್ತಿಗೆ ಅದೇ ತಿರುವು, ಅದೇ ಕಮರಿ.

“ಈ ರಸ್ತೇನೇ ಸರಿಯಿಲ್ಲ ಕಣ್ರೀ,” ಎಂದು ಎದುರು ಮೇಜಿನ ಟೈಪಿಸ್ಟ್ ಹತ್ತಿರ ದೂರಿದರು. “ಕೀಬೋರ್ಡ್ ಹಿಡ್ಕೊಳ್ಳುತ್ತೆ. ನೆಟ್ಟೂ ನಿಧಾನ. ನನ್ನ ತಪ್ಪು ಒಂಚೂರೂ ಇಲ್ಲ.”

“ಹಾಗಾದ್ರೆ ಪರಿಹಾರ ಕೇಳಿ ಸಾರ್,” ಎಂದರು ಆಕೆ.

ಅಷ್ಟಕ್ಕೇ ಬಿಡಲಿಲ್ಲ. ಆಕೆಯ ಅಣ್ಣ ನಿಲ್ಲಿಸಿದ್ದ ಗಾಡಿಯ ಮೇಲೆ ಮರ ಬಿದ್ದಿತ್ತು. ಅದನ್ನೂ ಇಲ್ಲಪ್ಪನವರು ಚಾಲಕನ ಅಜಾಗರೂಕತೆಗೇ ಸೇರಿಸಿದ್ದರು. ಆ ಹೊಟ್ಟೆಯುರಿಯಲ್ಲಿ ಟೈಪಿಸ್ಟ್ ಖಾಲಿ ಫಾರಂ ಒಂದನ್ನು ತೆಗೆದು ಇಲ್ಲಪ್ಪನವರ ಅಸಲಿ ಹೆಸರು, ಮನೆ ವಿಳಾಸ ತುಂಬಿದರು. ವಾಹನ: ಕೆಂಪು ಕಾರು. ಘಟನೆ: ಕಮರಿಗೆ ಉರುಳಿದ್ದು, ಇಪ್ಪತ್ತಾರು ಸಲ. ಜೊತೆಗಿದ್ದವರು: ಒಬ್ಬ ಮಹಿಳೆ. ಫಾರಂ ಅರ್ಜಿಗಳ ಕಟ್ಟಿನ ನಡುವೆ ಸೇರಿತು.

ಸಂಜೆಯೊಳಗೆ ಇಲ್ಲಪ್ಪನವರು ಅದನ್ನೂ ತಿರಸ್ಕರಿಸಿದರು. ಸಾಹೇಬರೂ ಕಣ್ಣುಮುಚ್ಚಿ ಸಹಿ ಹಾಕಿದರು. ಮೂರನೇ ದಿನ ಅರ್ಜಿಯ ಪ್ರತಿ ಸಮೇತ ಮನೆಗೆ ಬಂದ ಪತ್ರವನ್ನು ಇಲ್ಲಪ್ಪನವರ ಹೆಂಡತಿ ಒಡೆದು ಓದಿದರು.

“ನಮ್ಮನೇಲಿ ಸೈಕಲ್ಲಿಗೂ ಗತಿಯಿಲ್ಲ. ಈ ಕಾರು ಯಾರದ್ದು?”

“ಯಾವ ಕಾರು?”

“ಕಾರು ಹಾಳಾಗಿ ಹೋಗ್ಲಿ. ಪಕ್ಕ ಕೂತಿದ್ದೋಳು ಯಾರು? ಅದನ್ನ ಹೇಳಿ ಮೊದಲು!”

ಇಲ್ಲಪ್ಪನವರು ಪತ್ರ ಕಸಿದು ಓದಿದರು. “ಅವಳು... ಬರೀ ದಾರಿ ಹೇಳ್ತಾಳೆ ಕಣೇ.”

“ದಾರಿ ತಪ್ಪಿದ ಗಂಡಸರೆಲ್ಲ ಹೀಗೇ ಹೇಳೋದು.”

ಮರುದಿನ ಹೆಂಡತಿಯನ್ನು ಕಚೇರಿಗೇ ಕರೆತಂದು, ಹತ್ತು ಜನರೆದುರು ಆಟ ಆಡಿ ತೋರಿಸಬೇಕಾಯಿತು. ಹೆಣ್ಣುದನಿ ಎಚ್ಚರಿಸಿತು. ಕಾರು ಕಮರಿಗೆ ಬಿತ್ತು. ಹೆಂಡತಿ ಪತ್ರವನ್ನು ಇನ್ನೊಮ್ಮೆ ಓದಿ, “ಅಜಾಗರೂಕತೆ ಅಂತ ಬರೆದೋರು ಯಾರೋ, ಸರಿಯಾಗೇ ಬರೆದಿದಾರೆ,” ಎಂದರು. ಜವಾನ ನಗು ತಡೆಯಲಾರದೆ ಹೊರಗೆ ಓಡಿದ.

ವಿಚಾರಣೆಯಾದರೆ ಸಾಹೇಬರ ಸಹಿಯೂ ಹೊರಬೀಳುತ್ತಿತ್ತು. ಹಾಗಾಗಿ ಆಗಲಿಲ್ಲ. ಟೈಪಿಸ್ಟ್ ಬಾಯಿ ಬಿಡಬಾರದೆಂದು ಆಕೆಯ ಅಣ್ಣನ ಅರ್ಜಿ ಸದ್ದಿಲ್ಲದೆ ಮಂಜೂರಾಯಿತು. ಇಲ್ಲಪ್ಪನವರಿಗೂ ಬುದ್ಧಿ ಬಂತು: ಈಗ ಪ್ರತಿ ಅರ್ಜಿಯಲ್ಲೂ ಹೆಸರನ್ನು ಮಾತ್ರ ಎರಡೆರಡು ಸಲ ಓದುತ್ತಾರೆ. ತಮ್ಮದಲ್ಲವೆಂದು ಖಾತ್ರಿಯಾದ ಮೇಲೆ ನೆಮ್ಮದಿಯಾಗಿ ತಿರಸ್ಕರಿಸುತ್ತಾರೆ.