ಬದನೆಕಾಯಿ ಹೋಳಿನ ಮೇಡಂ

ಮೂಡಲಪಾಳ್ಯದಲ್ಲಿ ಯಾವ ಹೆಂಗಸಿನ ಮುಖದ ಮೇಲೆ ಭಂಗಿನ ಕಂದುಕಲೆ ಕಂಡರೂ ಫಾರ್ಮಸಿ ಕಾಲೇಜಿನ ಸರ್ವಮಂಗಳಾ ಮೇಡಂ ಅವಳನ್ನು ನಡುರಸ್ತೆಯಲ್ಲೇ ನಿಲ್ಲಿಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಅವರ ಕೈಗೆ ಸಿಕ್ಕ ಸೊಪ್ಪು, ಬೇರುಗಳಿಗೂ ಬಿಡುಗಡೆಯಿಲ್ಲ. ಒಂದೆಲಗವಾಗಲಿ, ನುಗ್ಗೆಸೊಪ್ಪಾಗಲಿ, ಅತಿಮಧುರವಾಗಲಿ, ರಸ ತೆಗೆದು ಹೆಚ್ಚಿದ ಬದನೆಕಾಯಿ ಹೋಳಿಗೆ ಸವರಿ, ನೋಕಿಯಾ ಫೋನಿನಲ್ಲಿ ಅಲಾರಂ ಇಟ್ಟು ಕಾಯುತ್ತಾರೆ. "ಹೋಳು ಕಪ್ಪಾಗದ ಹಾಗೆ ತಡೆಯೋ ರಸ ಭಂಗನ್ನೂ ತಡೀಬಹುದು ಕಣ್ರೀ, ಆದ್ರೆ ಬಿಸಿಲಿಗೆ ಕೊಡೆ ಹಿಡೀಬೇಕು!" ಎನ್ನುವುದು ಅವರ ಮಂತ್ರ. ಕಪ್ಪಾಗದೆ ಪಾಸಾದ ಹೋಳಿನ ರಸ ಕಾಲೇಜಿನ ಲ್ಯಾಬಿಗೆ ಹೋಗಿ ಮುಖದ ಲೇಪವಾಗುತ್ತದೆ, ಫೇಲಾದ ಹೋಳು ಯಜಮಾನರ ತಟ್ಟೆಗೆ ಪಲ್ಯವಾಗಿ ಬರುತ್ತದೆ. ಅವರು ವರ್ಷಗಳಿಂದ ತಕರಾರಿಲ್ಲದೆ ತಿನ್ನುತ್ತಿದ್ದಾರೆ. ಮಹಡಿ ಮನೆಯ ಬಾಡಿಗೆಯ ಪಾರವ್ವ ಮಾತ್ರ, ಮೂರು ತಿಂಗಳು ಲೇಪ ಹಚ್ಚಿಸಿಕೊಂಡ ಸಲುಗೆಯಲ್ಲಿ, ಒಂದು ದಿನ ಕೇಳಿಯೇಬಿಟ್ಟಳು: "ಅಲ್ರೀ ಮೇಡಂ, ಊರ ಮಂದಿಗೆಲ್ಲ ಹಚ್ಚತೀರಿ, ನಿಮ್ಮ ಗಲ್ಲದ ಮ್ಯಾಲಿಂದು ಹಂಗ ಐತಲ್ರೀ?" ಮೇಡಂ ಎಡಗೆನ್ನೆಯ ಕಲೆಯನ್ನು ಮುಟ್ಟಿಕೊಂಡು ನಕ್ಕರು. "ಇದು ಮಗಳು ಹೊಟ್ಟೇಲಿದ್ದಾಗ ಬಂದಿದ್ದು ಕಣಮ್ಮ. ದಿನಾ ಸ್ಕೂಲಿಗೆ ಹೊರಡೋವಾಗ ಅವಳು ಮುತ್ತು ಕೊಡೋದು ಇಲ್ಲಿಗೇ. ಇದು ಹೋಗ್ಬಿಟ್ರೆ, ಎಲ್ಲಿ ಕೊಡ್ಬೇಕು ಅಂತ ಹುಡುಕ್ತಾಳೆ ಪಾಪ!"