ಬಿದ್ದವರ ಜಗಲಿ

ಜಗಳೂರಿನ ನಮ್ಮ ಬೀದಿಯ ನೇತ್ರಾವತಿಗೆ ಬಿದ್ದವರೇ ಅನ್ನದಾತರು. ಹೀಗಂದರೆ ಅವಳು ಮುಖ ಊದಿಸಿಕೊಳ್ಳುತ್ತಾಳೆ, ಆದರೆ ಮಾತು ಸುಳ್ಳಲ್ಲ. ದೂರದೇಶದ ಆಸ್ಪತ್ರೆಗಳ ಕಾಗದಪತ್ರವನ್ನು ಮನೆಯಲ್ಲೇ ಕಂಪ್ಯೂಟರಿನಲ್ಲಿ ಓದಿ, ಪ್ರತಿ ಕಾಯಿಲೆಗೂ ಗೊತ್ತುಮಾಡಿದ ಕೋಡ್ ಹಾಕುವುದು ಅವಳ ಕೆಲಸ. ಅವಳ ಪಾಲಿಗೆ ಬಂದದ್ದು ಸೊಂಟ ಮುರಿದ ಮುದುಕಿಯರು. ಎಡಗಡೆಯೋ ಬಲಗಡೆಯೋ, ಎಲ್ಲಿ ಬಿದ್ದರು, ಏನು ಮಾಡುತ್ತಾ ಬಿದ್ದರು, ಎಲ್ಲಕ್ಕೂ ಕೋಡ್ ಇದೆ. ಮೊದಲ ಚಿಕಿತ್ಸೆಯಾದರೆ ಕೊನೆಗೊಂದು ‘ಎ’ ಅಕ್ಷರ. ಮೂಳೆ ಕೂಡಿಕೊಳ್ಳುತ್ತಿರುವಾಗ ಮತ್ತೆ ಬಂದರೆ ‘ಡಿ’.

ಅವಳ ಅಜ್ಜಿ ಚೌಡಕ್ಕನೂ ಬಿದ್ದವಳೇ. ಶೇಂಗಾಕ್ಕೆ ಬಾಯಿ ಹಾಕಿದ ಟಗರನ್ನು ಗದರಿಸಲು ಹೋಗಿ ಗುದ್ದಿಸಿಕೊಂಡು ಸೊಂಟ ಮುರಿದುಕೊಂಡಿದ್ದಳು. ದಾವಣಗೆರೆಯಲ್ಲಿ ಆಪರೇಷನ್ ಆಯಿತು, ಹೊಲಿಗೆ ಒಣಗಿತು, ಅಜ್ಜಿ ಮಾತ್ರ ಮಂಚ ಬಿಟ್ಟು ಏಳಲಿಲ್ಲ. ಈಗ ಕಾಲೂರದಿದ್ದರೆ ಮುಂದೆ ಊರುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಹಿಡಿದು ನಡೆಯಲೆಂದು ಕೊಟ್ಟಿದ್ದ ವಾಕರ್ ಮೇಲೆ ಸೀರೆ ಒಣಗುತ್ತಿತ್ತು.

“ಟಗರು ಗುದ್ದಿ ಬಿದ್ಲು ಅಂತ ಜನ ನಗ್ತಾರೆ ಕಣವ್ವ.”

“ಅದಕ್ಕೂ ಕೋಡ್ ಐತೆ ಅಜ್ಜಿ.”

“ಹಂಗಾರೆ ಆ ದೇಶದಾಗೂ ಗುದ್ದತಾವೆ ಅನ್ನು!” ಅಜ್ಜಿಗೆ ಎಷ್ಟೋ ಸಮಾಧಾನವಾಯಿತು.

ಅಂದಿನಿಂದ ಮಧ್ಯಾಹ್ನವಾದರೆ ಒಂದೇ ಪ್ರಶ್ನೆ: “ಇವತ್ತು ಯಾರು ಬಿದ್ರವ್ವಾ?” ಹೆಸರು, ಊರು ಹೇಳುವಂತಿಲ್ಲ, ನೇತ್ರಾವತಿ ಹೇಳುತ್ತಲೂ ಇರಲಿಲ್ಲ. ಬಿದ್ದ ಬಗೆಯಷ್ಟೇ ಬಾಯಿಗೆ ಬರುತ್ತಿತ್ತು. ಹೆಸರಿಡುವುದು ಅಜ್ಜಿಯ ಕೆಲಸ. ಬೆಕ್ಕಿಗೆ ಎಡವಿದವಳು ಹನುಮಂತಮ್ಮ, ಮದುವೆಮನೆಯಲ್ಲಿ ಕುಣಿಯುತ್ತಾ ಬಿದ್ದವಳು ವನಜಾಕ್ಷಿ.

ಒಂದು ದಿನ ಬಿಸಿಲಿನ ಜೊಂಪಿನಲ್ಲಿ ನೇತ್ರಾವತಿ ಕನಸು ಕಂಡಳು. ಆ ಮುದುಕಿಯರೆಲ್ಲ ನಮ್ಮ ಬೀದಿಗೆ ಬಂದು, ಅವಳ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದರು. ಯಾರಿಗೂ ಯಾರ ಭಾಷೆಯೂ ಬರದು, ಆದರೂ ನಗು ನಿಂತಿರಲಿಲ್ಲ. ಕುರಿಮಂದೆ ಎಬ್ಬಿಸಿದ ಧೂಳು ಹೊಂಬಣ್ಣವಾಗಿ ಅವರ ತಲೆಯ ಮೇಲೆ ಮೆಲ್ಲಗೆ ಇಳಿಯುತ್ತಿತ್ತು.

ಕನಸು ಕೇಳಿದ ಅಜ್ಜಿ, “ನಾನಿದ್ನಾ?” ಎಂದಳು.

“ಇರ್ಲಿಲ್ಲ ಅಜ್ಜಿ. ನೀನು ಒಳಗೆ ಮಲಗಿದ್ದೆ.”

ಅಜ್ಜಿ ಗೋಡೆ ಕಡೆ ತಿರುಗಿಕೊಂಡಳು.

ಆಮೇಲೆ ದಿನವೂ ಒಂದೇ ಜಪ: “ವನಜಾಕ್ಷಿಗೆ ‘ಡಿ’ ಬಂತಾ? ಮೂಳೆ ಕೂಡ್ತಾ?” ಒಬ್ಬಳದೇ ಕಾಗದ ಮತ್ತೆ ತನ್ನ ಕೈಗೆ ಬರುವುದು ಅಪರೂಪವೆಂದು ನೇತ್ರಾವತಿಗೆ ಗೊತ್ತು. ಬಂತೆಂದು ಒಂದು ಸುಳ್ಳು ಹೇಳಿಬಿಟ್ಟರೆ ಅಜ್ಜಿ ಎದ್ದಾಳೇನೋ ಎಂದು ಆಸೆಯಾಗುತ್ತಿತ್ತು. ನಾಲಿಗೆ ಏಳಲಿಲ್ಲ. “ಬರ್ಲಿಲ್ಲ ಅಜ್ಜಿ” ಎನ್ನುತ್ತಿದ್ದಳು.

ಒಂದು ಸಂಜೆ ಅಜ್ಜಿ ತಾನೇ ಅಂದಳು: “ಆಸ್ಪತ್ರೆಗೆ ಬರಾಕೆ ಆಕಿಗೆ ಪುರಸೊತ್ತೆಲ್ಲೈತೆ? ಎಲ್ಲೋ ಕುಣೀತಿರ್ತಾಳೆ. ಆ ಸೀರೆ ತೆಗ್ದು ವಾಕರ್ ಇತ್ಲಾಗೆ ಕೊಡವ್ವ.”

ನೇತ್ರಾವತಿ ವಾಕರ್ ಕೊಟ್ಟು ಅಜ್ಜಿಯ ಹಿಂದೆಯೇ ನಡೆದಳು. ಅಜ್ಜಿ ನಡುಗುತ್ತಾ, ಟಗರಿಗೆ ಬೈಯುತ್ತಾ ಹೊಸ್ತಿಲವರೆಗೆ ಬಂದಳು. ಜಗಲಿಯ ಮೇಲೆ ಶೇಂಗಾ ತುಂಬಿದ ಮೊರ ಬಿಟ್ಟರೆ ಯಾರೂ ಇರಲಿಲ್ಲ.

“ಸರಕೊಳ್ರೇ,” ಎಂದಳು ಅಜ್ಜಿ. “ನನಗೂ ಒಂದೀಟು ಜಾಗ ಬಿಡ್ರಿ.”

ನೇತ್ರಾವತಿ ಅಳುತ್ತಲೇ ಮೊರವನ್ನು ಪಕ್ಕಕ್ಕೆ ಸರಿಸಿದಳು.