ಎರಡು ಬೆರಳಿನ ಲೆಕ್ಕ

ತೊಂಬತ್ತರ ದಶಕದ ನಡುವೆ ನಾನು ಭದ್ರಾವತಿಯ ಜನ್ನಾಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ಕೊರಳಲ್ಲಿ ವಿಶಲ್ಲು, ಕೈಯಲ್ಲಿ ಸ್ಟಾಪ್‌ವಾಚು, ಮೂಗಿನ ತುದಿಯಲ್ಲಿ ಸಿಟ್ಟು. ಈ ಮೂರರಲ್ಲಿ ಒಂದನ್ನೂ ಮನೆಯಲ್ಲಿ ಮರೆತು ಬಂದ ದಿನವಿಲ್ಲ. ಆ ಊರಿನ ಹುಡುಗರಿಗೆ ಫುಟ್ಬಾಲ್ ಕಲಿಸಬೇಕಾಗಿಯೇ ಇರಲಿಲ್ಲ. ಅಪ್ಪಂದಿರು ಕಬ್ಬಿಣದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ಆಡುವುದನ್ನು ನೋಡಿಯೇ ಬೆಳೆದವರು. ಆದರೆ ಹಿಂದಿನ ವರ್ಷ ಶಿವಮೊಗ್ಗದ ಜಿಲ್ಲಾ ಪಂದ್ಯದಲ್ಲಿ ದ್ವಿತೀಯಾರ್ಧ ಶುರುವಾಗುತ್ತಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು, ಸೋತಿದ್ದೆವು. ಇವರಿಗೆ ಆಟ ಇದೆ, ದಮ್ಮಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಟ್ರೈನಿಂಗ್ ಕಾಲೇಜಿನಲ್ಲಿ ನಾಡಿ ಎಣಿಸುವುದನ್ನು ಹೇಳಿಕೊಟ್ಟಿದ್ದರು. ಅದನ್ನು ಅರ್ಧ ಕಲಿತು ಬಂದಿದ್ದೆ. ಹುಡುಗರನ್ನು ಜೋಡಿ ಜೋಡಿ ಮಾಡಿದೆ. ಒಬ್ಬ ಆ ಗೋಲಿನಿಂದ ಈ ಗೋಲಿಗೆ ಆರು ಸಲ ಜೋರಾಗಿ ಓಡಬೇಕು. ಓಡಿ ನಿಂತ ಕೂಡಲೇ ಜೊತೆಗಾರ ಅವನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ನನ್ನ ವಿಶಲ್ಲಿನಿಂದ ವಿಶಲ್ಲಿಗೆ ಬಡಿತ ಎಣಿಸಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಬೇಕು. ಎರಡೂ ಸಂಖ್ಯೆ ನನ್ನ ರಿಜಿಸ್ಟರಿಗೆ. ಪಕ್ಕದಲ್ಲಿ ಷರಾ ಎಂದು ಒಂದು ಕಾಲಂ, ಅದಕ್ಕೆ ಕೆಂಪು ಪೆನ್ನು. ಎರಡನೇ ಸಂಖ್ಯೆ ಚೆನ್ನಾಗಿ ಇಳಿದಿದ್ದರೆ ಭೇಷ್. ಇಳಿಯದಿದ್ದರೆ ಹುಡುಗ ಮನೆಯಲ್ಲಿ ಮೈಗಳ್ಳತನ ಮಾಡುತ್ತಿದ್ದಾನೆ ಎಂದು ಅರ್ಥ, ಅವನಿಗೆ ಮೈದಾನದ ಎರಡು ಸುತ್ತು ಹೆಚ್ಚು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ನನ್ನದೇ ಕಾನೂನು. ಹೆಡ್ ಮಾಸ್ಟರು ಆ ರಿಜಿಸ್ಟರ್ ನೋಡಿ ನನ್ನನ್ನು ಹೊಗಳಿದಾಗ ಒಂದು ವಾರ ಕಾಲು ನೆಲದ ಮೇಲಿರಲಿಲ್ಲ.

ನಮ್ಮ ತಂಡದ ಜೀವ ಎಂದರೆ ಎಡತುದಿಯಲ್ಲಿ ಆಡುವ ಹುಡುಗ. ನಾವೆಲ್ಲ ಲೆಫ್ಟ್ ಔಟ್ ಎಂದೇ ಕರೆಯುತ್ತಿದ್ದೆವು. ಒಂಬತ್ತನೇ ಕ್ಲಾಸು, ಕಡ್ಡಿಯಂಥ ಮೈ, ಅಪ್ಪನಿಗೆ ಫೌಂಡ್ರಿಯಲ್ಲಿ ಕೆಲಸ. ಹತ್ತು ಹೆಜ್ಜೆಯ ಓಟದಲ್ಲಿ ಅವನನ್ನು ಹಿಡಿಯುವವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ಆಮೇಲೆ ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ನಿಂತುಬಿಡುತ್ತಿದ್ದ. ಅದು ನನ್ನ ಮೈಯೆಲ್ಲ ಉರಿಸುತ್ತಿತ್ತು. ಅವನ ನಾಡಿ ಎಣಿಸುವ ಜೊತೆಗಾರ ನಮ್ಮ ಗೋಲ್‌ಕೀಪರ್, ಓಲ್ಡ್ ಟೌನಿನ ಪಾತ್ರೆ ಅಂಗಡಿಯವರ ಮಗ. ಮಾತು ಕಮ್ಮಿ, ಲೆಕ್ಕದಲ್ಲಿ ಚುರುಕು. ಅವನು ಹೇಳುವ ಸಂಖ್ಯೆಗಳು ಮೊದಲ ದಿನ ಸರಿಯಿರಲಿಲ್ಲ, ಆಮೇಲೆ ದಿನದಿನಕ್ಕೆ ಚೆಂದವಾದವು. ನನ್ನ ತರಬೇತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಬೀಗಿದೆ. ಆರು ಓಟ ಎಂಟಾಯಿತು, ಎಂಟು ಹತ್ತಾಯಿತು. ಸಂಜೆ ಫ್ಯಾಕ್ಟರಿಯ ಸೈರನ್ ಕೂಗುವ ತನಕ ನೀರು ಕುಡಿಯಲಿಕ್ಕೂ ಬಿಡುತ್ತಿರಲಿಲ್ಲ.

ಜಿಲ್ಲಾ ಪಂದ್ಯಕ್ಕೆ ಎಂಟು ದಿನ ಇರುವಾಗ ಗೋಲ್‌ಕೀಪರ್ ಸೋದರತ್ತೆಯ ಮಗಳ ಮದುವೆ ಎಂದು ಕುಂಸಿಗೆ ಹೋದ. ಪಂದ್ಯ ಹತ್ತಿರ ಇಟ್ಟುಕೊಂಡು ಮದುವೆ ಊಟಕ್ಕೆ ಹೋಗುತ್ತಾನೆ ಎಂದು ಸಿಡಿಮಿಡಿಗೊಂಡೆ. ಆವತ್ತು ಲೆಫ್ಟ್ ಔಟ್‌ಗೆ ಜೋಡಿಯಿಲ್ಲ. ಸರಿ, ನಾನೇ ಎಣಿಸುತ್ತೇನೆ ಎಂದು ವಿಶಲ್ಲನ್ನು ಇನ್ನೊಬ್ಬನ ಕೈಗೆ ಕೊಟ್ಟೆ. ಲೆಫ್ಟ್ ಔಟ್ ಹತ್ತೂ ಓಟ ಓಡಿ ಬಂದು ನಿಂತ. ಅವನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟೆ.

ನನಗೆ ಎಣಿಸಲಿಕ್ಕೇ ಆಗಲಿಲ್ಲ. ಚರ್ಮದ ಕೆಳಗೆ ಏನೋ ಪಟಪಟ ಬಡಿದುಕೊಳ್ಳುತ್ತಿತ್ತು, ಒಂದರ ಮೇಲೊಂದು. ನಡುವೆ ನಿಂತೇ ಹೋಯಿತು. ಮತ್ತೆ ಮೂರು ನಾಲ್ಕು ಬಡಿತ ಒಟ್ಟಿಗೆ ನುಗ್ಗಿ ಬಂದವು. ನನ್ನ ಬೆರಳು ಜಾರಿರಬೇಕು ಎಂದುಕೊಂಡು ಬೇರೆ ಕಡೆ ಇಟ್ಟೆ, ಅಲ್ಲೂ ಅದೇ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು, ಐದು ಕಳೆಯಿತು. ಇಳಿಯಲೇ ಇಲ್ಲ. ಹುಡುಗನ ತುಟಿಯ ಬಣ್ಣವನ್ನು ಆವತ್ತೇ ಮೊದಲು ನೋಡಿದ್ದು, ನೇರಳೆಹಣ್ಣು ತಿಂದವನ ತುಟಿಯ ಹಾಗಿತ್ತು. ಅವನು ನನ್ನ ಮುಖ ನೋಡಿ ಹೆದರಿ, ನನಗೇ ಸಮಾಧಾನ ಹೇಳಿದ.

"ಇಳಿಯುತ್ತೆ ಬಿಡಿ ಸಾರ್. ದಿನಾ ಹಿಂಗೇ ಆಗುತ್ತೆ. ಮನೆಗೆ ಹೋಗೋಷ್ಟರಲ್ಲಿ ಸರಿ ಹೋಗುತ್ತೆ."

ದಿನಾ! ನಾನು ಅವನನ್ನು ಅಲ್ಲೇ ಹುಲ್ಲಿನ ಮೇಲೆ ಕೂರಿಸಿ ಪಕ್ಕದಲ್ಲಿ ಕುಕ್ಕರಿಸಿದೆ.

ಮರುದಿನ ಬೆಳಿಗ್ಗೆ ಅವನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ದಾರಿಯಲ್ಲಿ ಆ ತಾಯಿ ಹೇಳಿದ್ದು ಕೇಳಿ ಇನ್ನಷ್ಟು ಕುಸಿದೆ. ಏಳೆಂಟು ವರ್ಷದವನಿದ್ದಾಗ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತಂತೆ. ಬಹಳ ದಿನ ಇಂಜೆಕ್ಷನ್ ಕೊಡಿಸಬೇಕು ಎಂದಿದ್ದರಂತೆ. ಹುಡುಗ ಎದ್ದು ಓಡಾಡತೊಡಗಿದ ಮೇಲೆ ಇನ್ನೇಕೆ ಎಂದು ಬಿಟ್ಟರಂತೆ. ನಾನು ಎರಡು ವರ್ಷದಿಂದ ಅವನ ಮೇಷ್ಟ್ರು, ಇಂಥದ್ದೊಂದು ಪ್ರಶ್ನೆ ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಹೃದಯದ ಡಾಕ್ಟರು ವಯಸ್ಸಾದವರು. ಇ.ಸಿ.ಜಿ. ತೆಗೆಸಿದರು, ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆ ಹಳೆಯ ಜ್ವರ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಆಟ ಆಯಿತು, ಇನ್ನು ಓಡುವ ಹಾಗಿಲ್ಲ, ಇಂಜೆಕ್ಷನ್ ಮತ್ತೆ ಶುರು ಮಾಡಬೇಕು, ಮುಂದೆ ಆಪರೇಷನ್ ಬೇಕಾಗುತ್ತದೆ ಎಂದರು. ತಾಯಿ ಮಗ ಹೊರಗೆ ಹೋದ ಮೇಲೆ ನನ್ನನ್ನು ಕೂರಿಸಿ ದಿನಕ್ಕೆ ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಎಂದು ವಿಚಾರಿಸಿದರು. ಹೆಮ್ಮೆಯಿಂದ ತಂದಿದ್ದ ರಿಜಿಸ್ಟರನ್ನು ಕಳ್ಳನ ಹಾಗೆ ಮೇಜಿನ ಮೇಲಿಟ್ಟೆ. ಓಟ ಜೋರಾದಷ್ಟೂ ಎಳೆಯರ ಹೃದಯ ಸರ್ರನೆ ಏರುತ್ತದೆ, ನಿಲ್ಲಿಸಿದರೆ ಹಾಗೆಯೇ ಸರ್ರನೆ ಇಳಿಯಬೇಕು, ನೀರು ಕೊಡದೆ ಬಿಸಿಲಲ್ಲಿ ಓಡಿಸಿದರೆ ಗಟ್ಟಿ ಹೃದಯವೂ ಇಳಿಯಲು ತಡ ಮಾಡುತ್ತದೆ ಎಂದು ವಿವರಿಸಿದರು. ಇಳಿಯದವರಿಗೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಎರಡು ಸುತ್ತು ಹೆಚ್ಚು ಓಡಿಸುತ್ತಿದ್ದೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಅದು ಆ ಮಗೂನ ಹೃದಯ ಸಾಕು ಅಂತ ಹೇಳ್ತಿದ್ದದ್ದು. ನೀವು ಅದಕ್ಕೆ ಶಿಕ್ಷೆ ಕೊಟ್ಟಿದೀರಿ."

ಇಪ್ಪತ್ತೈದು ವರ್ಷ ದಾಟಿದೆ, ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಹುಡುಗ ಉಳಿದ. ಕೆಲವು ವರ್ಷದ ಮೇಲೆ ಆಪರೇಷನ್ ಆಯಿತು, ಈಗ ಅವನಿಗೆ ಇಬ್ಬರು ಮಕ್ಕಳು. ಎದುರು ಸಿಕ್ಕಾಗಲೆಲ್ಲ ಸ್ಕೂಟರ್ ನಿಲ್ಲಿಸಿ ನಮಸ್ಕಾರ ಮಾಡುತ್ತಾನೆ, ನನಗೆ ತಲೆಯೆತ್ತಿ ನೋಡುವುದು ಕಷ್ಟವಾಗುತ್ತದೆ.

ಆದರೆ ಆವತ್ತು ಶಿವಮೊಗ್ಗದಿಂದ ಹಿಂದಿರುಗುವಾಗ ನನಗೆ ನಾಚಿಕೆಗಿಂತ ಸಿಟ್ಟೇ ಜಾಸ್ತಿಯಿತ್ತು, ಅದೂ ಗೋಲ್‌ಕೀಪರ್ ಮೇಲೆ. ದಿನಾ ಆ ಕುತ್ತಿಗೆ ಮುಟ್ಟಿ ನೋಡಿದವನು ಅವನು. ಇಷ್ಟು ದಿನ ಸುಳ್ಳು ಸಂಖ್ಯೆ ಬರೆಸಿದ್ದಾನೆ, ಒಂದು ಜೀವ ಹೋಗುತ್ತಿತ್ತಲ್ಲ! ಕುಂಸಿಯಿಂದ ಬಂದವನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಇವನ ಚರ್ಮ ಸುಲಿಯಬೇಕು ಎಂದೇ ಕಾದಿದ್ದೆ. ಯಾಕೆ ಸುಳ್ಳು ಹೇಳಿದೆ ಎಂದು ಗದರಿದೆ. ಅವನು ಚೀಲದಿಂದ ಗಣಿತದ ನೋಟ್‌ಬುಕ್ ತೆಗೆದು ಕೊನೆಯ ಪುಟಗಳನ್ನು ಬಿಡಿಸಿ ನನ್ನ ಮುಂದೆ ಹಿಡಿದ. ಅಲ್ಲಿ ತಾರೀಖು ಹಾಕಿ ಪ್ರತಿದಿನದ ನಿಜವಾದ ಸಂಖ್ಯೆ ಬರೆದಿದ್ದ, ಮುತ್ತಿನಂಥ ಅಕ್ಷರದಲ್ಲಿ. ಕೆಲವು ದಿನಗಳ ಎದುರು 'ನಡುವೆ ನಿಂತಿತು' ಎಂದಿತ್ತು.

"ಮೊದಲನೇ ದಿನ ನಿಜಾನೇ ಹೇಳಿದ್ದೆ ಸಾರ್," ಎಂದ. "ನೀವು ಅವನ್ನ ಇನ್ನೂ ಎರಡು ರೌಂಡ್ ಓಡಿಸಿದ್ರಿ. ಕೊನೇಲಿ ವಾಂತಿ ಮಾಡ್ಕೊಂಡ. ಅದಕ್ಕೇ ಮಾರನೇ ದಿನದಿಂದ ನಿಜ ಹೇಳ್ಲಿಲ್ಲ."

ನನಗೆ ಅಂಥ ದಿನವೊಂದು ನೆನಪೇ ಇರಲಿಲ್ಲ. ಅವನನ್ನು ಕ್ಲಾಸಿಗೆ ಕಳಿಸಿ, ಅವನ ನೋಟ್‌ಬುಕ್ಕಿನ ಮೊದಲ ತಾರೀಖನ್ನು ನನ್ನ ರಿಜಿಸ್ಟರಿನಲ್ಲಿ ಹುಡುಕಿದೆ. ಸಿಕ್ಕಿತು. ಎರಡು ಪುಸ್ತಕಗಳಲ್ಲೂ ಒಂದೇ ಸಂಖ್ಯೆ ಇದ್ದದ್ದು ಆ ಒಂದು ದಿನ ಮಾತ್ರ. ಪಕ್ಕದ ಷರಾ ಕಾಲಮ್ಮಿನಲ್ಲಿ ನನ್ನ ಕೈಬರಹ, ಕೆಂಪು ಶಾಯಿ: 'ಸೋಮಾರಿ. ಎರಡು ಸುತ್ತು ಹೆಚ್ಚು.' ಅದರ ಕೆಳಗೆ ಮರುದಿನದಿಂದ, ಒಂದೂ ದಿನ ತಪ್ಪದೆ, ಭೇಷ್, ಭೇಷ್, ಭೇಷ್ ಎಂದು ಬರೆದಿದ್ದೆ.